ಒಂದೂವರೆ ಪಟ್ಟು, ಎರಡು ನಿಮಿಷ

ಮೂರನೇ ಸಲ ಬಂದಿದೆ ಅದೇ ಮೋಟಾರು,
ಅದೇ ಲಗೇಜ್ ಆಟೋ, ಅದೇ ನೀಲಿ ಹಗ್ಗ.
ಕಾಮಾಕ್ಷಿಪಾಳ್ಯದ ನಮ್ಮ ಶೆಡ್ಡಿಗೆ
ಅದಕ್ಕಿಂತ ಮೊದಲು ಅದರ ವಾಸನೆ ಬಂತು:
ಸುಟ್ಟ ವಾರ್ನಿಶ್ಶು, ಬೆಲ್ಲದ ಪಾಕ ತಳ ಹಿಡಿದ ಹಾಗೆ,
ಸ್ವಲ್ಪ ಹೆಚ್ಚು ಕಹಿ.

ಚಿಕ್ಕತಾಯಮ್ಮ ಟೀ ಮುಗಿಸಿಯೇ ಎದ್ದಳು.
ನಾನು ಕವರು ಬಿಚ್ಚಿದೆ, ಅವಳು ಟಾರ್ಚು ಬಿಟ್ಟಳು.
ಒಂದು ಫೇಸು ತಪ್ಪಿದ್ದರೆ
ಒಂದಿಷ್ಟು ಸುರುಳಿಯಾದರೂ ಕೆಂಪಗೆ ಉಳಿದಿರುತ್ತಿತ್ತು.
ಇಲ್ಲಿ ಸುತ್ತಲೂ ಒಂದೇ ಸಮ ಕಪ್ಪು.
'ಹೊರೆ' ಅಂದಳು. ಅಷ್ಟೇ.

ಗಂಗಬೈರಯ್ಯನವರದು ಸುಂಕದಕಟ್ಟೆಯಲ್ಲಿ
ಹಳೇ ಬಕೆಟ್ಟು, ಕುರ್ಚಿ ಪುಡಿ ಮಾಡುವ ಮಿಲ್ಲು.
'ಹತ್ತು ಎಚ್‌ಪಿ ಅಂತ ಬರೆದವ್ರೆ,
ಹನ್ನೆರಡು ಎಳೆದ್ರೆ ಸತ್ತೇಹೋಗಬೇಕೇನಮ್ಮ?
ಎಷ್ಟು ತಡೀತದೆ ಇದು, ನಿಜ ಹೇಳು.'

ಅವಳು ಹೆಸರಿನ ತಗಡನ್ನು ಸೆರಗಿನಲ್ಲಿ ಒರೆಸಿದಳು.
'ಹದಿನಾಲ್ಕು ಆಂಪ್ಸು ಐತೆ ಇಲ್ಲಿ.
ಇಪ್ಪತ್ತೊಂದು ಕೊಡಿ, ಎರಡು ನಿಮಿಷ ತಡೀತದೆ.
ಪುಸ್ತಕದ ಮಾತಿದು, ನಂದಲ್ಲ.
ತಿರುಗೋ ಬಲಕ್ಕೆ ಒಂದು ಪಾಯಿಂಟ್ ಆರು ಪಟ್ಟು,
ಹದಿನೈದು ಸೆಕೆಂಡು, ನಿಲ್ಲದೆ ತಿರುಗಬೇಕು.
ಆಮೇಲೆ ಬಿಟ್ಟುಬಿಡಬೇಕು ಸ್ವಾಮಿ,
ಅದೂ ಉಸಿರಾಡಬೇಕು.
ಕೆಲವಕ್ಕೆ ಒಂದು ಪಾಯಿಂಟ್ ಹದಿನೈದು ಅಂತ ಬರೆದಿರ್ತಾರೆ,
ಮದುವೆ ಊಟದಲ್ಲಿ ಬಲವಂತಕ್ಕೆ
ಇನ್ನೊಂದು ಹೋಳಿಗೆ ಬಡಿಸಿದ ಹಾಗೆ.
ದಿನಾ ಉಣ್ಣೋಕಾಗುತ್ತಾ?
ನಿಮ್ಮದಕ್ಕೆ ಅದೂ ಬರೆದಿಲ್ಲ.
ಬರೀದಿದ್ರೆ ಒಂದು. ಒಂದು ಅಂದ್ರೆ ಒಂದೇ.'

'ರಿಲೇ ಬೀಳಲಿಲ್ವಾ?' ನಾನು ಕೇಳಿದೆ.
ಅವರು ಬೀದಿಯ ಕಡೆ ನೋಡಿದರು.
ನೀರಿನ ಟ್ಯಾಂಕರು ರಿವರ್ಸ್ ಬರುತ್ತಿತ್ತು,
ಅದು ಬಂದು ನಿಲ್ಲುವವರೆಗೂ ನೋಡಿದರು.
'ಗಳಿಗೆಗೊಂದ್ಸಲ ಬೀಳ್ತಿತ್ತು.
ನಮ್ಮ ಹುಡುಗ ಕಾಂಟ್ಯಾಕ್ಟರಿಗೆ
ಮರದ ಚಕ್ಕೆ ಸಿಕ್ಕಿಸವ್ನೆ.'

ಚಿಕ್ಕತಾಯಮ್ಮ ಬೈಯಲಿಲ್ಲ.
ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧ,
ಇನ್ನು ಹತ್ತಕ್ಕೆ ಅರ್ಧದಲ್ಲಿ ಅರ್ಧ,
ಬೀಡಿ ಪೊಟ್ಟಣದ ಹಿಂದೆ ಬರೆದು
ಅವರ ಜೇಬಿಗೇ ಇಟ್ಟು ಕಳಿಸಿದಳು.

ರಾತ್ರಿ ಸುಟ್ಟ ತಾಮ್ರ ಉಳಿಯಲ್ಲಿ ಕಡಿದೆವು.
ಆರೂವರೆ ಕೇಜಿ, ಗುಜರಿ ಲೆಕ್ಕಕ್ಕೆ.
ಮೂವತ್ತಾರು ಗಾಡಿ, ಗಾಡಿಗೊಂದು ಲೆದರಾಯ್ಡ್ ಕಾಗದ,
ಮೇಲೆ ಬಿದಿರಿನ ಕಡ್ಡಿ.
ಅವಳು ಸುತ್ತು ಎಣಿಸುವಾಗ ತುಟಿ ಮಾತ್ರ ಅಲ್ಲಾಡುತ್ತದೆ.
ಆಗ ಫೋನು ಬಂದರೂ ಎತ್ತುವುದಿಲ್ಲ,
ಮಗಳದಾದರೂ.

ಮೂರನೇ ದಿನ ಸಂಜೆ ಪರೀಕ್ಷೆಗೆ ಬಿಟ್ಟೆವು.
ಬಿಸಿ ನೋಡುವ ಗನ್ನು ಡ್ರಾಯರಿನಲ್ಲಿದೆ,
ಸೆಲ್ಲು ಸೋರಿ ಪಾಚಿಗಟ್ಟಿದೆ.
ಇವಳದು ಹಳೇ ಲೆಕ್ಕ: ಮೈಮೇಲೆ ಅಂಗೈ ಇಟ್ಟು ಎಣಿಸುವುದು.
ಐದರವರೆಗೆ ಇಡಲಾದರೆ ಚಿಂತೆಯಿಲ್ಲ.

ಇಟ್ಟಳು. ಐದಾಯಿತು. ಹತ್ತು. ಇಪ್ಪತ್ತು.
ಕೈ ತೆಗೆದು ತಿರುಗಿಸಿ ನೋಡಿಕೊಂಡಳು,
ತಂತಿ ಎಳೆದೆಳೆದು ಬಿದ್ದ ಗೆರೆಗಳು,
ವಾರ್ನಿಶ್ಶಿನ ಹಳದಿ.
ಅಂಗೈ ಕೆಂಪಾಗಿತ್ತು.

'ನೀನಿಡು' ಅಂದಳು.

ಇಟ್ಟೆ.
ಒಂದು, ಎರಡು...
ಮೋಟಾರನ್ನಲ್ಲ, ಅವಳು
ನನ್ನ ಮುಖವನ್ನು ನೋಡುತ್ತಿದ್ದಳು,
ಮೀಟರಿನ ಮುಳ್ಳು ನೋಡುವ ಹಾಗೆ.