ಬೆನ್ನಿನ ಗೆರೆ

ಐದನೆಯ ಕ್ಲಾಸಿನ ಹಾಳೆಗಳಲ್ಲಿ ಮನುಷ್ಯರೆಲ್ಲ
ಕರೆಂಟು ಕಂಬಗಳು.
ಎರಡೂ ಕೈ ಚಾಚಿ, ಹತ್ತೂ ಬೆರಳು ಬಿಡಿಸಿ
ನಮ್ಮನ್ನೇ ನೋಡುತ್ತ ನಿಂತಿರುತ್ತಾರೆ,
ಪಾದ ಮಾತ್ರ ಎರಡೂ ಬಲಕ್ಕೆ.
ಎಲ್ಲಿಗೆ ಹೊರಟವರಪ್ಪಾ ಇವರು ಎಂದರೆ
ಎಲ್ಲಿಗೂ ಇಲ್ಲ ಮಾಷ್ಟ್ರೇ, ಚಿತ್ರಕ್ಕೆ ಬಂದವರು.

ಸರಿ, ಓಡಿಸೋಣ ಅಂದೆ.
ಓಡು ಎಂದರೆ ಪೆರ್ಲದ ಈ ಬೆಂಚುಗಳಲ್ಲಿ
ಬಲಿಪು, ಪಾಯ್, ಧಾಂವ.
ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲರೂ ಕನ್ನಡ.

ಮುರಕಲ್ಲಿನ ಅಂಗಳಕ್ಕೆ ಇಳಿಸಿದೆ.
ಆಯಿಷತ್ ಮಿಸ್ರಿಯಾ, ನೀನು ಓಡು,
ಬಾವಿಕಟ್ಟೆಯಿಂದ ಊಟದ ಶೆಡ್ಡಿನವರೆಗೆ.
ಉಳಿದವರು ಮುಖ ಬರೆಯಬೇಡಿ, ಅಂಗಿ ಬೇಡ, ಗುಂಡಿ ಬೇಡ,
ತಲೆಯಿಂದ ಹಿಮ್ಮಡಿಗೆ ಒಂದೇ ಗೆರೆ,
ಅವಳು ಎತ್ತ ವಾಲಿದಳೋ ಅತ್ತ.
ಬೀಳುವವರ ಹಾಗೆ ಕಾಣಬೇಕು.
ಓಡುವುದೆಂದರೆ ಅಷ್ಟೇ, ಬೀಳುತ್ತ ಬೀಳುತ್ತ
ಪ್ರತಿ ಸಲವೂ ಒಂದು ಕಾಲು ಸಿಕ್ಕುವುದು.

ಮಿಸ್ರಿಯಾ ಹನ್ನೊಂದು ಸಲ ಓಡಿದಳು.
ಶಾಲು ಜಾರಿ ಕೊರಳಿಗೆ ಬಂತು,
ಚಪ್ಪಲಿಯೊಂದು ಬಾವಿಯ ಬಳಿಯೇ ಉಳಿಯಿತು.
ರೋಯ್‌ಸ್ಟನ್ ಕ್ರಾಸ್ತಾ ಅವಳಿಗೆ ಏಳು ಕಾಲು ಬರೆದ.
ಇದೇನೋ?
ಎಣಿಸಿಯೇ ಬರೆದದ್ದು ಮಾಷ್ಟ್ರೇ,
ಇನ್ನೂ ಇದ್ದವು, ಜಾಗ ಸಾಲಲಿಲ್ಲ.
ಅಳಿಸು ಅನ್ನಲು ಬಾಯಿ ತೆರೆದವನು
ರಬ್ಬರನ್ನು ನನ್ನ ಕಿಸೆಗೇ ಹಾಕಿಕೊಂಡೆ.

ಧನ್ವಿತ್ ಅಂಗಳದ ಕಡೆ ನೋಡಲೇ ಇಲ್ಲ.
ಅವನ ಹಾಳೆಯಲ್ಲಿ ಕೂತ ಹೆಂಗಸು,
ಮಡಿಲಲ್ಲಿ ಮೊರ, ಮೊರದ ತುಂಬ ಬೀಡಿ ಎಲೆ.
ಓಡುವವರನ್ನು ಬರೆ ಅಂದರೆ ಕೂತವರೇ?
ಅಮ್ಮನಿಗೆ ಓಡಲು ಪುರುಸೊತ್ತಿಲ್ಲ ಅಂದ.
ಆಮೇಲೆ ಬೆರಳಿರಬೇಕಾದ ಜಾಗದಲ್ಲಿ
ಪೆನ್ಸಿಲು ಅಡ್ಡ ಹಿಡಿದು ಉಜ್ಜಿದ, ಉಜ್ಜಿದ,
ಬೆರಳೇ ಇಲ್ಲ, ಬರೀ ಹೊಗೆ.
ಸಾವಿರ ಮುಗಿಯುವವರೆಗೆ ಹೀಗೆಯೇ ಮಾಷ್ಟ್ರೇ.
ತರಬೇತಿಯಲ್ಲಿ ಇದನ್ನು ನನಗೆ
ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ವಾರ ಹೇಳಿದೆ:
ಕಣ್ಣು ಮುಚ್ಚಿದರೂ ಕಾಣುವ ಒಬ್ಬರ ನಡೆ ಬರೆಯಿರಿ.
ಹೆಸರು ಬೇಡ, ಮುಖ ಬೇಡ.
ಬೆನ್ನು ನೋಡಿಯೇ ಗುರುತು ಸಿಗಬೇಕು.

ಮೀನಿನ ಇದಿನಬ್ಬ ಸಿಕ್ಕಿದ,
ಇಳಿಜಾರಿನ ಸ್ಕೂಟರಿನಲ್ಲಿ ಇಡೀ ಮೈ ಬ್ರೇಕಾಗಿ.
ಅಡುಗೆಯ ಕಮಲಾಕ್ಷಿಯಕ್ಕ,
ಕೊಡವಿಲ್ಲ, ಸೊಂಟದಲ್ಲಿ ಕೊಡದ ಓರೆ ಇದೆ.
ಹೆಡ್‌ಮಾಷ್ಟ್ರು: ಮೊದಲು ಹೊಟ್ಟೆ, ಹಿಂದಿನಿಂದ ಅವರು.

ಉಳಿದ ಹದಿನೇಳು ಪುಸ್ತಕಗಳಲ್ಲಿ ಒಬ್ಬನೇ.
ಮುಂದಕ್ಕೆ ಚಾಚಿದ ಕುತ್ತಿಗೆ, ಹಿಂದೆ ಹಾರುವ ಚೀಲ,
ನಿಲ್ಸಿ ನಿಲ್ಸಿ ಎನ್ನುವಂತೆ ಮೇಲೆದ್ದ ಕೈ,
ಒಂದು ಕಾಲು ಇನ್ನೂ ತರಗತಿಯ ಹೊಸ್ತಿಲಲ್ಲಿ.
ಕೆಲವರು ಬಸ್ಸನ್ನೂ ಬರೆದಿದ್ದರು, ಅರ್ಧ,
ಹಾಳೆಯ ಅಂಚಿನಿಂದ ಹೊರಟುಹೋಗುತ್ತಿರುವುದು.

ಯಾರಿದು ಎಂದು ಕೇಳಬೇಕಾಗಿರಲಿಲ್ಲ. ಕೇಳಿದೆ.
ಮಿಸ್ರಿಯಾ ಬೆಂಚಿನಡಿ ಬಗ್ಗಿ
ಕಾಲಲ್ಲೇ ಇದ್ದ ಚಪ್ಪಲಿ ಹುಡುಕಿದಳು.

ಎರಡು ಶಾಲೆ, ದಿನಗೂಲಿ,
ನಾಲ್ಕು ಹತ್ತರ ಬಸ್ಸು ತಪ್ಪಿದರೆ ಕುಂಬಳೆಯಲ್ಲಿ ರೈಲೂ ಇಲ್ಲ,
ಇದನ್ನೆಲ್ಲ ಇವರಿಗೆ ನಾನು ಹೇಳಿದವನಲ್ಲ.
ಬೋರ್ಡಿನ ಮುಂದೆ ನೆಟ್ಟಗೆ ನಿಂತಿದ್ದೇನೆಂದು
ನನ್ನ ಲೆಕ್ಕ.
ಅವರ ಗೆರೆಯಲ್ಲಿ ಜೂನ್ ತಿಂಗಳಿನಿಂದಲೂ
ಬಾಗಿಲ ಕಡೆಗೆ ಬೀಳುತ್ತಲೇ ಇದ್ದೇನೆ.

ಗೆರೆ ಚೆನ್ನಾಗಿತ್ತು. ಹತ್ತಕ್ಕೆ ಒಂಬತ್ತು ಹಾಕಿದೆ,
ಹದಿನೇಳಕ್ಕೂ.
ಪಾದ ಈಗಲೂ ಎರಡೂ ಬಲಕ್ಕೇ,
ಆದರೆ ಈ ಸಲ ತಪ್ಪಲ್ಲ. ಬಸ್ಸು ನಿಲ್ಲುವುದು ಬಲಕ್ಕೆ.

ಕೊನೆಯ ಸಹಿ ಹಾಕುವಾಗ ತಿರುವಿನಾಚೆ ಹಾರ್ನು.
ನಾನು ಏಳಲಿಲ್ಲ ಎಂದು ಬರೆದರೆ ಚಂದ.
ಎದ್ದೆ.
ಮೂವತ್ತೊಂದು ಪೆನ್ಸಿಲು
ಆಗಲೇ ಹಾಳೆಯ ಮೇಲಿದ್ದವು.