ಕೈ ಕಟ್ಟಾಗ್ತಾವ

ವಾಟ್ಸಾಪಿಗೆ ಬಂದ ಕಂಪ್ಲೇಂಟು ಮೂರೇ ಶಬ್ದ:
'ವಿಡಿಯೋದಾಗ ಕೈ ಕಟ್ಟಾಗ್ತಾವ.'
ಓದಿ ನಕ್ಕೆ. ಟೈಪ್ ತಪ್ಪಿರಬೇಕು ಅಂದ್ಕೊಂಡು
ಮಂಗಳವಾರಪೇಟೆ ಸಂದಿಗೆ ಗಾಡಿ ತಿರುಗಿಸಿದೆ.

ರಾಯಚೂರಿನ ಏಪ್ರಿಲ್. ಹನ್ನೊಂದಕ್ಕ ಸೀಟು ಸುಡ್ತದ.
ಬಾಗಿಲು ಬಡದೆ, ಬಡದೆ, ಬಡದೇ ಬಡದೆ.
ಎದುರುಮನಿ ಮುದುಕಿ ಅಂದ್ಲು: 'ಆಕಿಗೆ ಕೇಳಂಗಿಲ್ಲಪ್ಪ,
ಆ ಸ್ವಿಚ್ ಒತ್ತು, ಒಳಗ ಲೈಟ್ ಹತ್ತತದ.'

ಹುಲಿಗೆಮ್ಮ. ಗಂಜಿನ ಜಿನ್ನಿಂಗ್ ಮಿಲ್ಲಿನಾಗ
ಅರಳಿಯ ಎಳಿ ಅಳೆಯಾಕಿ.
ಚಿಟಿಕಿ ಅರಳಿ ಹಿಡದು, ಎಳದು, ಜೋಡಿಸಿ, ಮತ್ತ ಎಳದು
ಇಪ್ಪತ್ತೊಂಬತ್ತು ಎಂ.ಎಂ. ಅಂತ ಸ್ಲೇಟಿನ ಮ್ಯಾಲ ಬರೀತಾಳಂತ,
ಮಷಿನ್ ಬಂದ ಮ್ಯಾಲೂ ಸೇಠ್ ಆಕಿ ಬೆರಳನ್ನೇ ಕೇಳ್ತಾನಂತ.
ನನ್ನ ಕೊಳ್ಳಾಗಿನ ಕಾರ್ಡು ಓದಿದ್ಲು: ಮೌನೇಶ.
ತುಟಿ ಮ್ಯಾಲ ಬೆರಳಿಟ್ಟು, ನನ್ನ ಕಡಿ ತೋರಿಸಿ,
ಗೋಡಿ ಹಿಡಕೊಂಡು ನಕ್ಕಳು.
ಹರಕಿ ಹೆಸರು ರೀ, ನಾ ಮಾತಿನ ಮಲ್ಲ,
ಅಂತ ಹೆಂಗ ಹೇಳ್ಲಿ? ನಾನೂ ನಕ್ಕೆ.

ಮಾನವಿಯ ಅಕ್ಕಗ ಕಾಲ್ ಹಚ್ಚಿದ್ಲು. ಆ ಅಕ್ಕಗೂ ಕೇಳಂಗಿಲ್ಲ.
ಅಕ್ಕ ಎರಡೂ ಕೈ ಎತ್ತಿದ್ಲು,
ನಿಂತುಬಿಟ್ಲು.
ಅರ್ಧ ಬಿಚ್ಚಿದ ಮುಷ್ಟಿ, ಗಾಳ್ಯಾಗ ತೂಗಿದ ಕಿರುಬೆರಳು.
ಆಮ್ಯಾಲ ಮೂರು ಮಾತು ಒಮ್ಮೆಗೇ ಸುರದು ಬಂದವು,
ಸಂತಿ ಚೀಲ ಹರದಂಗ.
ನಮಗ ಕಾಲ್ ಕಟ್ಟಾದ್ರ ಹಲೋ ಹಲೋ ಅಂತೀವಿ.
ಆಕಿ ಗಾಜಿನ ಮುಂದ ಕೈ ಬೀಸಿಕೋತ ಕುಂತಳು.

ಫೋನ್ ತಗದು ಸುತ್ತಿನ ಹವಾ ನೋಡಿದೆ:
ಹತ್ತೊಂಬತ್ತು ನೆಟ್‌ವರ್ಕು, ಹದಿನಾಲ್ಕು ಆರನೇ ಚಾನೆಲಿನಾಗ.
'ದೇವ್ರು ಕೊಟ್ಟಿದ್ದು', 'ಪಾಸ್‌ವರ್ಡ್ ಕೇಳಬ್ಯಾಡ್ರಿ', 'ಇನಾಮದಾರ್ ಟೂ'.
ಖಾಲಿ ಓಣಿ, ಉರಿಬಿಸಲು, ಒಂದು ನಾಯಿ ಸುದ್ದಾ ಬೊಗಳವಲ್ದು;
ಇಷ್ಟು ಗದ್ದಲ ಇಲ್ಲೇ ಇತ್ತು, ನನಗೂ ಕೇಳಿಸಿದ್ದಿಲ್ಲ.

ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಅಡ್ವಾನ್ಸ್ಡ್ ಅನ್ನೂ ಪುಟ,
ಕಂಪನಿಯವ್ರು ಮುಟ್ಟಬ್ಯಾಡ ಅಂದಿದ್ದು.
ಚಾನೆಲ್ ಆರರಿಂದ ಹನ್ನೊಂದಕ್ಕ ಸರಿಸಿದೆ.
ಅಗಲ ನಲವತ್ತಿತ್ತು, ಇಪ್ಪತ್ತಕ್ಕ ಇಳಿಸಿದೆ,
ಇಂಥ ಸಂದ್ಯಾಗ ಎತ್ತಿನ ಗಾಡಿ ಯಾಕ, ಸೈಕಲ್ ಸಾಕು.
ಐದು ಗಿಗಾಹರ್ಟ್ಸ್ ಒಂದು ಕೈ ನೋಡಿದೆ;
ಎರಡು ಮೊಳದ ಕಲ್ಲಿನ ಗೋಡಿ, ಹೋಗ್ ಹೋಗ್ ಅಂತು.
ಪವರ್ ನೂರರಿಂದ ಅರವತ್ತು. ಒದರಿದ್ರ ಓಣಿಗೆಲ್ಲ ತ್ರಾಸು.

ಕಡೀಗೆ ಡಬ್ಲ್ಯೂಎಂಎಂ. ಯಾರೋ ಆಫ್ ಮಾಡಿದ್ರು.
ಯಾರೋ ಅಂದ್ರ ನಾನೇ, ಹೋದ ವರ್ಷ, ಅವಸರದಾಗ.
ಅದು ಆನ್ ಇದ್ರ ದನಿ ಮೊದಲು, ಚಿತ್ರ ಆಮ್ಯಾಲ, ಉಳಿದಿದ್ದು ಹಿಂದ.
ದನಿ ಮೊದಲು.
ಈ ಮನ್ಯಾಗ ಆ ಸಾಲಿಗೆ ಯಾರೂ ಬಂದು ನಿಂದ್ರಂಗಿಲ್ಲ,
ಚಿತ್ರಕ್ಕ ದಾರಿ ಪೂರಾ ಖಾಲಿ.

ನೆಟ್‌ವರ್ಕಿಗೆ ಹೆಸರು ಏನಿಡ್ಲಿ? ಚೀಟ್ಯಾಗ ಬರದು ಕೇಳಿದೆ.
ಎಡಗಿವಿ ಬೆಂಡೋಲಿ ಎರಡು ಸಲ ಮುಟ್ಟಿ, ಅಂಗೈ ಅರಳಿಸಿದ್ಲು.
ಅದು ಆಕಿ ಹೆಸರಂತ, ಮಾನವಿ ಅಕ್ಕ ಇಟ್ಟದ್ದು.
ಕೀಬೋರ್ಡ್ ಮ್ಯಾಲಿಂದ ಕೆಳಗ ನೋಡಿದೆ. ಅಂಥ ಗುಂಡಿ ಇಲ್ಲ.
ಎಸ್‌ಎಸ್‌ಐಡಿ ಮುಚ್ಚಿಟ್ಟೆ.
ಭದ್ರತೆಗೆ ಇದು ಸುಳ್ಳು ಬೀಗ, ಸಾಹೇಬ್ರು ಬೈತಾರ;
ಡಬ್ಬಿ ಮಾತ್ರ ಸೆಕೆಂಡಿಗೆ ಹತ್ತು ಸಲ ಬೀಕನ್ ಬಿಡ್ತದ,
ಹೆಸರಿನ ಜಾಗ ಖಾಲಿ ಬಿಟ್ಟು, ಇದ್ದೀನಿ, ಇದ್ದೀನಿ ಅಂತ.

ರೀಬೂಟ್. ಎರಡು ನಿಮಿಷ ಕೆಂಪು ಲೈಟು. ಅಕ್ಕ ಬಂದ್ಲು.
ಎಷ್ಟು ಜೋರು ಮಾತಾಡಿದ್ರು ಇಬ್ರೂ!
ನನಗ ಕೇಳಿದ್ದು ಬಳಿ ಸಪ್ಪಳ ಅಷ್ಟೇ.
ಫಾರ್ಮಿನ ಸಮಸ್ಯೆ ಅನ್ನೂ ಖಾನ್ಯಾಗ
'ಕೈ ಕಟ್ಟಾಗ್ತಿದ್ವು' ಅಂತನ ಬರದೆ. ಸೈ ಮಾಡಿದ್ಲು.

ಮುಂದಿನ ಕಂಪ್ಲೇಂಟು ಯರಮರಸಿನಿಂದ:
'ರೀಲ್ಸ್ ಸುತ್ತಾಕತ್ತದ. ಜಲ್ದಿ ಬರ್ರಿ.'