ಹದಿನಾಲ್ಕನೇ ಗೂಟ

ಗುರುವಾರ ಸಂಜೆ ಅಳೆದಾಗ
ಹದಿನಾಲ್ಕನೇ ಗೂಟದ ಹತ್ತಿರ ದಾರಿಯ ಅಗಲ
ತೊಂಬತ್ತೆರಡು ಸೆಂಟಿಮೀಟರು.
ಎದುರುಬದುರಾದ ಇಬ್ಬರಲ್ಲಿ ಒಬ್ಬರು
ಭುಜ ಓರೆ ಮಾಡಿ, ಚೂರು ನಕ್ಕು, ದಾಟಬೇಕು.
ಅಷ್ಟು.

ಬರೆದುಕೊಂಡೆ, ಪೆನ್ಸಿಲಿನಲ್ಲಿ.
ಇಲ್ಲಿಯ ಮಳೆಗೆ ಶಾಯಿ ನಿಲ್ಲುವುದಿಲ್ಲ.

ಟಾಸ್ಮೇನಿಯಾದ ಈ ಎತ್ತರದ ಬಯಲಲ್ಲಿ
ಮೆತ್ತೆಗಿಡ ಅಂತ ಒಂದಿದೆ.
ನೋಡಲು ಹಸಿರು ದಿಂಬು, ಮುಟ್ಟಿದರೆ ಕಲ್ಲು.
ಒಳಗೆ ನೂರಾರು ಗಿಡ
ಚಳಿಗೆ ಒಂದನ್ನೊಂದು ಒತ್ತಿಕೊಂಡು ಕೂತಿವೆ.
ನಾನು ಕೆಲಸಕ್ಕೆ ಸೇರಿದ ವರ್ಷ
ಯಾವನೋ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡ.
ಅವನ ಹಿಮ್ಮಡಿಯ ಗುರುತು ಇನ್ನೂ ಮಾಸಿಲ್ಲ.
ಅಷ್ಟರಲ್ಲಿ ನನಗೆ ಎರಡು ಮದುವೆ
ಒಂದು ಮಂಡಿಯ ಆಪರೇಷನ್ನು ಆಗಿಹೋದವು.

ಶನಿವಾರ ನಸುಕಿಗೆ ಆರುನೂರಾ ಹನ್ನೆರಡು ಜನ.
ಹಣೆಗೆ ಕಟ್ಟಿದ ದೀಪಗಳು ಕಣಿವೆಯಿಂದ ಏರಿ ಬಂದವು.
ಚಂದವಿತ್ತು, ಸುಳ್ಳು ಹೇಳಲಾರೆ.
ಉಸಿರಿನ ಹೊಗೆ, ಬಣ್ಣದ ಬೂಟು, ಎದೆಯ ಮೇಲೆ ನಂಬರು,
ಬೆನ್ನ ಮೇಲೆ ಗುಳುಗುಳು ಅನ್ನುವ ನೀರು.
"ಥ್ಯಾಂಕ್ಯೂ" ಅಂದರು ಒಬ್ಬೊಬ್ಬರೂ ನನ್ನ ಕಡೆ ತಿರುಗಿ,
ಅನ್ನುತ್ತಲೇ, ಕೆಸರು ತಪ್ಪಿಸಲು,
ಎಡಕ್ಕೊಂದು ಹೆಜ್ಜೆ ಇಟ್ಟರು.

ಒಂದೇ ಹೆಜ್ಜೆ.
ಆರುನೂರರಿಂದ ಅದನ್ನು ಗುಣಿಸುವುದು
ಹುಲ್ಲಿನ ಪಾಲಿನ ಕೆಲಸ.

ಹೊಬಾರ್ಟಿನಿಂದ ನಡೆಯಲು ಬಂದ ಗಂಡಹೆಂಡತಿ
ಬಂಡೆಗೆ ಬೆನ್ನು ಆನಿಸಿ ಎರಡು ಗಂಟೆ ದಾರಿ ಬಿಟ್ಟರು.
"ಬಿಟ್ಟೂ ಬಿಟ್ಟೂ ನಮಗೇ ದಾರಿಯಿಲ್ಲ" ಅಂದಳು ಆಕೆ,
ನಿಂತ ನಿಲುವಿನಲ್ಲೇ ಸೇಬು ಕಚ್ಚುತ್ತ.

"ದಾರಿ ಇರೋದೇ ಸವೆಸೋದಕ್ಕೆ, ಮೆರಿಯಲ್"
ಅಂದ ಡರ್ಮಟ್, ಥರ್ಮಾಸಿನ ಮುಚ್ಚಳದಲ್ಲಿ ಚಹಾ ಕೊಟ್ಟು.
ಅವನ ಮಾತು ತೆಗೆದುಹಾಕುವಂತಿಲ್ಲ.
ಹೊಳೆಯಾಚೆಯ ನಾನೂರು ಮೀಟರು ಹಲಗೆದಾರಿ
ಹೋದ ವರ್ಷ ಓಡಿದವರು ಕಟ್ಟಿದ ದುಡ್ಡು.
ಅದರ ಮೇಲೆ ಕಾಲು ನೆನೆಯದೆ ದಿನಾ ಹೋಗುವವಳು ನಾನು,
ಮತ್ತೆ ಟೇಪು ಹಿಡಿದು
ಉಂಡ ಮನೆಯ ಜಂತೆ ಎಣಿಸುವವಳೂ ನಾನೇ.

ಮಧ್ಯಾಹ್ನ ಮೂರಕ್ಕೆ ಕೊನೆಯವಳು ಬಂದಳು.
ನಂಬರು ಐನೂರಾ ಎಂಟು, ಹೆಸರು ಹುಯೆನ್,
ಲಾನ್ಸೆಸ್ಟನ್ನಿನಲ್ಲಿ ರಾತ್ರಿಪಾಳಿಯ ದಾದಿ.
ಓಡುತ್ತಿರಲಿಲ್ಲ.
ಕೆಸರಿನ ನಟ್ಟನಡುವೆ, ಮೀನಖಂಡದವರೆಗೆ ಹೂತು,
ನೇರ ನಡೆದು ಬಂದಳು.
ಅವಳೊಬ್ಬಳು. ನನ್ನ ಕಣ್ಣು ತುಂಬಿತು.
"ಪಕ್ಕಕ್ಕೆ ಯಾಕೆ ಹೋಗಲಿಲ್ಲ?"
"ಬಳಸಿ ಬರೋಕೆ ಕಾಲಲ್ಲಿ ಜೀವ ಇರಲಿಲ್ಲ" ಅಂದಳು.
ಮಂಡಿಗೆ ಕೈ ಊರಿ ಬಗ್ಗಿ, ಉಸಿರು ಎಳೆದು,
"ಈ ದಾರಿ ಸವೆಯೋದೇ ಇಲ್ಲವೇನೋ ಅನ್ನಿಸಿಬಿಟ್ಟಿತ್ತು."

ಟೇಪಿನ ಈ ತುದಿ ಹಿಡಿ ಅಂದೆ.
ಹಿಡಿದಳು. ಕೈ ನಡುಗುತ್ತಿತ್ತು.

ನೂರಾ ಮೂವತ್ತೊಂದು.

ಅವಳು ಅಂಕಿ ನೋಡಲಿಲ್ಲ.
ನನ್ನ ಕಾಲಬುಡ ನೋಡುತ್ತಿದ್ದಳು:
ಗೂಟದ ಸುತ್ತ ಹುಲ್ಲಿಲ್ಲದ ಬೋಳು ನೆಲ,
ನಡುವೆ ಎರಡು ಗುಳಿ,
ಹಿಂದೆ ಬೂಟಿನ ತುದಿ ಕೊರೆದ ಎರಡು ಗೀರು.
"ಇಲ್ಲಿ ಯಾರು ಓಡಿದ್ದು?"

ಇಪ್ಪತ್ತಾರು ವರ್ಷ, ವರ್ಷಕ್ಕೆ ನಾಲ್ಕು ಸಲ
ಇದೇ ಜಾಗದಲ್ಲಿ ಮಂಡಿಯೂರಿದ್ದೇನೆ.
ಗುಳಿಗಳು ನನ್ನ ಮಂಡಿಗೆ ಸರಿಯಾಗಿ ಕೂರುತ್ತವೆ,
ಆಪರೇಷನ್ ಆದದ್ದು ಚೂರು ಆಳ ಕಡಿಮೆ.
ನನ್ನ ವಹಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಅವಳು ಕುಂಟುತ್ತ ಇಳಿದುಹೋದಳು.
ಕರವಾಂಗ್ ಹಕ್ಕಿಯೊಂದು ಬಂದು
ಯಾರದೋ ಬಿದ್ದ ಬಿಸ್ಕತ್ತಿನ ಚೂರು ಎತ್ತಿಕೊಂಡಿತು.
ಬೋಳು ನೆಲವನ್ನೂ ಅಳೆದೆ,
ಪುಟದ ಅಂಚಿನಲ್ಲಿ ಬರೆದೆ:
ಅರವತ್ತು. ನನ್ನದು.

ಹದಿನೈದನೇ ಗೂಟ ಇನ್ನೂ ಇನ್ನೂರು ಮೀಟರು.
ಕೆಸರಿನ ನಡುವೆಯೇ ಹೋದೆ.
ಬೂಟಿನೊಳಗೆ ನೀರು ಬಂತು.
ಬಹಳ ತಣ್ಣಗಿತ್ತು.